ಚಕ್ರವಿಲ್ಲದ ಕಾರಿಗೆ ಮೊದಲ ಬಹುಮಾನ

ನಮ್ಮನೆಯವರಿಗೆ ಕಾರು ಹತ್ತಿದರೆ ವಾಂತಿ. ಮುಂದೆ ಕೂತರೂ ವಾಂತಿ, ಹಿಂದೆ ಕೂತರಂತೂ ಕೇಳುವುದೇ ಬೇಡ. ಒಮ್ಮೆ ಡ್ರೈವಿಂಗ್ ಕಲಿಯುತ್ತೇನೆಂದು ಹುರುಪಿನಿಂದ ಹೋಗಿ, ಕಲಿಸುವವನ ಮಡಿಲಿಗೆ ಬೆಳಗಿನ ತಿಂಡಿಯನ್ನೆಲ್ಲ ಒಪ್ಪಿಸಿ ಬಂದ ಮಹಾನುಭಾವರು ಅವರು. ಅಂಥವರ ಬಳಿ ಒಂದು ಬೀರು ತುಂಬ ಕಾರುಗಳಿವೆ ಎಂದರೆ ನೀವು ನಂಬುವುದಿಲ್ಲ. ನಂಬಿ. ಒಂದೊಂದೂ ನನ್ನ ಅಂಗೈಯಗಲ ಇದೆ.

ಅವನ್ನು ಆಟದ ಕಾರು ಎಂದುಬಿಟ್ಟೀರಿ, ಜೋಕೆ! ಒಮ್ಮೆ ನಾನು ಹಾಗೆಂದು ಇಡೀ ವಾರ ಅವರ ಊದಿದ ಮುಖ ನೋಡಿದ್ದೇನೆ. ದೊಡ್ಡ ದೊಡ್ಡ ಕಂಪನಿಯವರು ‘ಹೀಗೂ ಮಾಡಿದರೆ ಹೇಗೆ?’ ಎಂದು ಪರೀಕ್ಷೆಗಾಗಿ ಒಂದೇ ಒಂದು ಸ್ಪೋರ್ಟ್ಸ್ ಕಾರು ಕಟ್ಟುತ್ತಾರಂತೆ. ಓಡಿಸಿ ನೋಡಿ, ತಲೆ ಕೆರೆದುಕೊಂಡು, ಮೂಲೆಗೆ ತಳ್ಳುತ್ತಾರಂತೆ. ಆ ಮೂಲೆಗೆ ಬಿದ್ದ ಕಾರುಗಳ ಅಚ್ಚುಕಟ್ಟಾದ ಪುಟ್ಟ ಮಾದರಿಗಳು ಇವು, ನಿಜವಾದ ಕಾರಿನ ಅರವತ್ತನಾಲ್ಕನೇ ಒಂದು ಪಾಲು. ಒಂದಕ್ಕೆ ಬಾಗಿಲೇ ಇಲ್ಲ, ನೆತ್ತಿಯಿಂದ ಧುಮುಕಬೇಕು. ಇನ್ನೊಂದಕ್ಕೆ ಮುಂದೆ ನಾಲ್ಕು ಚಕ್ರ. ಮತ್ತೊಂದರಲ್ಲಿ ಡ್ರೈವರು ಅಂಗಾತ ಮಲಗಿ ಓಡಿಸಬೇಕಿತ್ತಂತೆ, ಪಾಪ, ನಿದ್ದೆ ಬಂದಿರಬೇಕು.

“ಅಲ್ಲಾ ರೀ, ಇಡೋದೇ ಆದ್ರೆ ನೆಟ್ಟಗೆ ಓಡಿದ ಕಾರನ್ನ ಇಟ್ಕೋಬಾರ್ದಾ?” ಎಂದು ಕೇಳಿದ್ದೆ.

“ಓಡಿದ ಕಾರಿಗೆ ಎಲ್ಲರೂ ಇರ್ತಾರೆ ಕಣೇ. ಇವಕ್ಕೆ ಯಾರಿದ್ದಾರೆ?” ಎಂದು ನನ್ನದೇ ಪೌಡರ್ ಬ್ರಷ್ಷಿನಿಂದ ಒಂದರ ಧೂಳು ಒರೆಸಿದರು.

ಹೊಟ್ಟೆಪಾಡಿಗೆ ಅವರು ಮಾಡುವುದು ಹಲ್ಲು. ಹಲ್ಲಿನ ಡಾಕ್ಟರು ಅಳತೆ ತೆಗೆದು ಕಳಿಸುತ್ತಾರೆ, ಇವರು ಲ್ಯಾಬಿನಲ್ಲಿ ಕೂತು ಬಾಯಿ ತುಂಬ ಕೂರುವ ಕೃತಕ ಹಲ್ಲಿನ ಸೆಟ್ಟು ತಯಾರಿಸುತ್ತಾರೆ. ಕೆಳಗೆ ಒಸಡಿನ ಗುಲಾಬಿ ಬಣ್ಣ, ಮೇಲೆ ಹಲ್ಲಿನ ಬಿಳುಪು. ನಯ ಮಾಡಿ, ಹೊಳಪು ಕೊಟ್ಟು, ಒಣಗಿ ಆಕಾರ ಕೆಡದಿರಲೆಂದು ಒದ್ದೆ ಹತ್ತಿಯಲ್ಲಿ ಸುತ್ತಿ, ನೀಲಿ ಡಬ್ಬಿಗೆ ಹಾಕಿ, ಟೇಪು ಅಂಟಿಸುತ್ತಾರೆ. ಟೇಪು ಬಿದ್ದ ಮೇಲೆ ಡಬ್ಬಿಯನ್ನು ಮತ್ತೆ ತೆರೆಯಬಾರದು, ಅದು ಲ್ಯಾಬಿನ ಕಟ್ಟುನಿಟ್ಟು. ಈ ಕಟ್ಟುನಿಟ್ಟೇ ನಮ್ಮ ಮನೆತನವನ್ನು ಬೀದಿಗೆ ತಂದದ್ದು.

ಊರಿನಲ್ಲಿ ಇಂಥ ಪುಟ್ಟ ಕಾರು ಕೂಡಿಸುವವರದೊಂದು ಸಂಘವಿದೆ. ಅಧ್ಯಕ್ಷರು ಕಣ್ಣಿನ ಡಾಕ್ಟರು. ಅವರ ಬಳಿ ಎಲ್ಲೆಲ್ಲಿಂದಲೋ ತರಿಸಿದ ಅಪರೂಪದ ಮಾದರಿಗಳಿವೆ, ಮುಟ್ಟಲು ಬಿಳಿ ಕೈಗವಸು ಬೇಕು. ಹೋದ ಸಭೆಯಲ್ಲಿ ನಮ್ಮನೆಯವರು ಆಸೆಯಿಂದ ಒಯ್ದ ಕಾರನ್ನು ಅವರು ಎರಡು ಬೆರಳಲ್ಲಿ ಎತ್ತಿ ನೋಡಿ, “ಹ್ಞಾ, ಇದು ಎಲ್ಲರ ಹತ್ರಾನೂ ಇರುತ್ತೆ,” ಎಂದು ಕೆಳಗಿಟ್ಟರಂತೆ.

ನಮ್ಮನೆಯವರು ಸಾಧು ಪ್ರಾಣಿ. ಆದರೆ ಅವತ್ತು ಏನು ಮೈಮೇಲೆ ಬಂದಿತ್ತೋ, “ನನ್ನ ಹತ್ರ ಯಾರೂ ಕಂಡು ಕೇಳಿರದ ಒಂದು ಪ್ರಯೋಗದ ಕಾರಿದೆ ಸಾರ್. ಅದರ ಫೋಟೋ ಕೂಡ ಪ್ರಪಂಚದಲ್ಲಿ ಎಲ್ಲೂ ಇಲ್ಲ,” ಎಂದುಬಿಟ್ಟರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ, “ಹಾಗಾದ್ರೆ ಪ್ರದರ್ಶನಕ್ಕೆ ತನ್ನಿ,” ಎಂದರು.

ಇಲ್ಲದ ಕಾರನ್ನು ಎಲ್ಲಿಂದ ತರುವುದು? ಹಲ್ಲಿನಲ್ಲೇ ಮಾಡಿದರು. ಲ್ಯಾಬಿನಲ್ಲಿ ಮಿಕ್ಕ ಒಸಡಿನ ಗುಲಾಬಿಯಿಂದ ತಳ, ಹಲ್ಲಿನ ಬಿಳುಪಿನಿಂದ ಮೈ. ಮೂತಿ ಚೂಪು, ಹಿಂದೆ ಎದ್ದು ನಿಂತ ರೆಕ್ಕೆ. ಊಟದ ಬಿಡುವಿನಲ್ಲೆಲ್ಲ ಉಣ್ಣದೆ ಅದನ್ನೇ ಉಜ್ಜಿದರು.

ಇನ್ನು ನಮ್ಮಪ್ಪನ ವಿಷಯಕ್ಕೆ ಬರುತ್ತೇನೆ. ನಿಜವಾಗಿ ಕಷ್ಟ ಇದ್ದದ್ದು ಅಪ್ಪನಿಗೆ.

ಅಪ್ಪ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಗಾಡಿಗಳ ಬರುಹೋಗು ಹೇಳುತ್ತಿದ್ದವರು. ಅವರ ಮುಖ ಊರಿಗೆ ಗೊತ್ತಿಲ್ಲ, ದನಿ ಎಲ್ಲರಿಗೂ ಗೊತ್ತು. ಅಮ್ಮ ತೀರಿಕೊಂಡು, ಕೆಲಸದಿಂದ ನಿವೃತ್ತಿಯೂ ಆದ ಮೇಲೆ ಅಪ್ಪ ತಮ್ಮ ಮನೆಯಲ್ಲಿ ಒಬ್ಬರೇ. ನಾನು ಹೋಗಿ ಮಾತಾಡಿಸಿದರೂ ಆ ದನಿ ‘ಹೂಂ’, ‘ಉಹುಂ’ಗೆ ಇಳಿದುಬಿಟ್ಟಿತ್ತು. ಒಂದು ದಿನ ಲೈಬ್ರರಿಯ ಮೆಟ್ಟಿಲ ಮೇಲೆ ನಿವೃತ್ತ ಭೂಗೋಳದ ಟೀಚರಮ್ಮ ಒಬ್ಬರು, “ನಿಮ್ಮ ದನಿ ಎಲ್ಲೋ ಕೇಳಿದ್ದೀನಲ್ಲ?” ಎಂದರಂತೆ. ಅವರು ವರ್ಷಗಟ್ಟಲೆ ರೈಲಿನಲ್ಲೇ ಶಾಲೆಗೆ ಹೋಗಿ ಬಂದವರು. ಅವತ್ತಿನಿಂದ ಅಪ್ಪ ದಿನಾ ಲೈಬ್ರರಿಗೆ. ಇಸ್ತ್ರಿ ಅಂಗಿ, ತಲೆಗೆ ಎಣ್ಣೆ, ಗುನುಗುವುದು ಬೇರೆ. ನನಗೆ ಅರ್ಥವಾಯಿತು, ಖುಷಿಯೂ ಆಯಿತು. ನಿಜ ಹೇಳುತ್ತೇನೆ, ಅಪ್ಪ ಮತ್ತೆ ಮಾತಾಡುವುದನ್ನು ಕೇಳಿ ನಾನು ಅವರ ಅಡಿಗೆಮನೆಯಲ್ಲಿ ನಿಂತು ಅತ್ತಿದ್ದೇನೆ.

ಇನ್ನೇನು ಅಪ್ಪ ಮದುವೆಯ ಮಾತೆತ್ತಬೇಕು, ಹಲ್ಲಿನ ಸೆಟ್ಟು ಬೇಸಿನ್ನಿಗೆ ಬಿದ್ದು ಚೂರಾಯಿತು. ತಮಗಿರುವುದು ಕಟ್ಟಿಸಿದ ಹಲ್ಲು ಎಂದು ಟೀಚರಮ್ಮನಿಗೆ ತಿಳಿಯುವುದಕ್ಕಿಂತ ಸಾಯುವುದೇ ವಾಸಿ ಎಂಬುದು ಅಪ್ಪನ ನಿಲುವು. ಗಂಟಲು ನೋವು ಎಂದು ನನ್ನಿಂದ ಫೋನು ಮಾಡಿಸಿ, ಲೈಬ್ರರಿ ಬಿಟ್ಟು, ಗಂಜಿ ಕುಡಿಯುತ್ತ ಮನೆಯೊಳಗೇ ಅಡಗಿ ಕೂತರು. ಕೊನೆಗೆ ಟೀಚರಮ್ಮನೇ, ಭಾನುವಾರ ಮಧ್ಯಾಹ್ನ ಅಣ್ಣನ ಜೊತೆ ನೋಡಲು ಬರುವುದಾಗಿ ತಿಳಿಸಿದರು. ನಮ್ಮನೆಯವರು ಮಾಡುತ್ತಿದ್ದ ಹೊಸ ಸೆಟ್ಟೂ ಅವತ್ತೇ ಬರುವುದಿತ್ತು. ಅವರ ಕಾರಿನ ಪ್ರದರ್ಶನವೂ ಅವತ್ತೇ. ಒಂದೇ ಥರದ ಎರಡು ನೀಲಿ ಡಬ್ಬಿಗಳು ನಮ್ಮ ಮನೆಯ ಮೇಜಿನ ಮೇಲೆ ಅಕ್ಕಪಕ್ಕ ಕೂತಿದ್ದೂ ಅವತ್ತೇ. ಕಾರನ್ನು ಕೂಡ ಒದ್ದೆ ಹತ್ತಿಯಲ್ಲಿ ಸುತ್ತಿ ಟೇಪು ಹಾಕಿದ್ದರು ಮಹಾರಾಯರು, ಕೈಗೆ ಅಂಟಿದ ಅಭ್ಯಾಸ!

“ಇದು ಮಾವಂದು,” ಎಂದು ಒಂದನ್ನು ನನ್ನ ಕೈಗಿಟ್ಟರು.

“ಬಿಚ್ಚಿ ನೋಡಿದ್ರಾ?”

“ಟೇಪ್ ಹಾಕಿದ ಡಬ್ಬಿ ಬಿಚ್ಚಬಾರ್ದು ಕಣೇ. ಇಷ್ಟು ವರ್ಷದಲ್ಲಿ ಒಂದಾದ್ರೂ ತಪ್ಪಾಗಿದ್ಯಾ? ಹೊಸದು ಮೊದಮೊದಲು ದೊಡ್ಡದು ಅನ್ನಿಸುತ್ತೆ, ಒತ್ತಿ ಕೂರಿಸ್ಕೊಳ್ಳೋಕೆ ಹೇಳು ಮಾವಂಗೆ. ಎಷ್ಟೇ ಹಿಂಸೆ ಆದ್ರೂ ತೆಗೀಬಾರ್ದು. ಒಸಡಿಗೆ ಅಭ್ಯಾಸ ಆಗ್ಬೇಕು.” ಇಷ್ಟು ಹೇಳಿ ಇನ್ನೊಂದು ಡಬ್ಬಿಯನ್ನು ಎದೆಗವಚಿಕೊಂಡು, ಸೈಕಲ್ಲು ಹತ್ತಿ ಹೊರಟೇಬಿಟ್ಟರು.

ನಾನು ಅಪ್ಪನ ಮನೆ ಮುಟ್ಟಿ, ಡಬ್ಬಿ ಕೊಟ್ಟು, ಅಳಿಯನ ಉಪದೇಶವನ್ನೆಲ್ಲ ಒಪ್ಪಿಸುವಷ್ಟರಲ್ಲಿ ಬಾಗಿಲ ಗಂಟೆ ಬಡಿಯಿತು. ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದುಬಿಟ್ಟಿದ್ದರು! ಟೀಚರಮ್ಮ ಹಸನ್ಮುಖಿ, ಕಡಿಮೆ ಮಾತಿನವರು. ಅವರಣ್ಣ ನಿವೃತ್ತ ಟ್ರಾಫಿಕ್ ಇನ್ಸ್‌ಪೆಕ್ಟರು. ಒಳಗೆ ಬರುವಾಗಲೇ ಹೊಸಿಲ ಬಳಿ ನಿಂತು ಎಡಕ್ಕೆ, ಬಲಕ್ಕೆ ನೋಡಿದರು.

ಅಪ್ಪ ಕಿಟಕಿಯತ್ತ ತಿರುಗಿ, ನಮಗೆ ಬೆನ್ನು ಹಾಕಿ, ಗಡಿಬಿಡಿಯಲ್ಲಿ ಡಬ್ಬಿ ಬಿಚ್ಚಿದರು. ಮುದುಕನಂತೆ ಕಾಣುತ್ತೇನೆಂದು ಕನ್ನಡಕ ಬೇರೆ ತೆಗೆದಿಟ್ಟಿದ್ದರು. ಕೈಗೆ ಸಿಕ್ಕಿದ್ದು ಒದ್ದೆ, ನುಣುಪು, ಗುಲಾಬಿ, ಬಿಳಿ. ಮೇಲಿನದು ಕೆಳಗಿನದು ಎರಡು ತುಂಡು ಇರಬೇಕಿತ್ತಲ್ಲ ಎಂದು ಒಂದು ಕ್ಷಣ ಅನುಮಾನ ಬಂತಂತೆ. ಈಗ ಎರಡನ್ನೂ ಸೇರಿಸಿ ಒಂದೇ ಮಾಡುವ ಹೊಸ ವಿಧಾನ ಬಂದಿರಬೇಕು ಎಂದುಕೊಂಡರಂತೆ. ಅಳಿಯ ಹೇಳಿದ ಹಾಗೆ ಒತ್ತಿದರು. ಹಿಂಸೆಯಾಯಿತು. ಇನ್ನೂ ಒತ್ತಿದರು. ಕುಲುಕಿಸಿ, ಓರೆ ಮಾಡಿ, ಉಸಿರು ಕಟ್ಟಿ ನೂಕಿ, ತಿರುಗಿ ನಿಂತರು.

ನಾನು ಚಹಾದ ತಟ್ಟೆ ಹಿಡಿದು ಬಂದವಳು ಅಲ್ಲೇ ಕಂಬವಾದೆ. ಅಪ್ಪನ ಎರಡೂ ಕೆನ್ನೆ ಉಬ್ಬಿದ್ದವು. ತುಟಿಗಳ ನಡುವಿನಿಂದ ಒಂದು ಪುಟ್ಟ ಬಿಳಿ ರೆಕ್ಕೆ ಹೊರಗೆ ಚಾಚಿತ್ತು. ಅಪ್ಪ ನಗಲು ಪ್ರಯತ್ನಿಸುತ್ತಿದ್ದರು. ನಕ್ಕಷ್ಟೂ ಕಾರು ಹೊರಗೆ ಬರುತ್ತಿತ್ತು, ಒಳಗೆ ಎಳೆದುಕೊಂಡಷ್ಟೂ ಕಣ್ಣು ಹೊರಗೆ ಬರುತ್ತಿದ್ದವು.

“ಹೇಗಿದೆ ಗಂಟಲು?” ಎಂದರು ಟೀಚರಮ್ಮ.

ಅಪ್ಪ, ‘ಬನ್ನಿ, ಕೂತ್ಕೊಳ್ಳಿ’ ಎಂದು ಹೇಳಹೊರಟರು. ತುಟಿ ಕೂಡಬೇಕಲ್ಲ! “ಬ್ರ್‌ರ್‌ರ್‌ರೂಂ,” ಎಂದಿತು ಬಾಯಿ.

ಇನ್ಸ್‌ಪೆಕ್ಟರು ತಟ್ಟನೆ ಕಿಟಕಿಯಾಚೆ ನೋಡಿದರು. “ಯಾವುದೋ ಗಾಡಿ. ಸೈಲೆನ್ಸರ್ ಹೋಗಿದೆ.”

“ಗಂಟಲು ಅಣ್ಣಾವ್ರೇ, ಅಪ್ಪಂಗೆ ಗಂಟಲು,” ಎಂದು ನಾನು ಬಡಬಡಿಸಿದೆ. ಅಪ್ಪ ಹೌದೆಂದು ತಲೆ ಕುಣಿಸಿದರು. ಕುಣಿಸಿದ್ದೇ ತಪ್ಪಾಯಿತು. ಬಾಯಿಂದ ಏನೋ ಚಿಮ್ಮಿ ಟೀಚರಮ್ಮನ ಕಪ್ಪಿನಲ್ಲಿ ಗುಳುಂ ಎಂದಿತು. ಟೀಚರಮ್ಮ ಚಮಚದಿಂದ ಅದನ್ನು ನಿಧಾನವಾಗಿ ಎತ್ತಿದರು. ಒಂದು ಚಕ್ರ. ಅದನ್ನು ಸಾಸರಿನ ಅಂಚಿಗಿಟ್ಟು, “ಇದು ನಿಮ್ಮದು ಅನ್ಸುತ್ತೆ,” ಎಂದರು, ಬಿಸ್ಕತ್ತು ಕೊಡುವಷ್ಟೇ ಮರ್ಯಾದೆಯಿಂದ.

ಅಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ಕೆಮ್ಮು ನುಗ್ಗಿ ಬಂತು. ಇಡೀ ಕಾರು ಕರವಸ್ತ್ರಕ್ಕೆ ಬಂದು ಬಿತ್ತು.

ಇನ್ಸ್‌ಪೆಕ್ಟರು ಎದ್ದು ನಿಂತರು. ಜೇಬಿನಿಂದ ಪೆನ್ನು ತೆಗೆದು ಅದರ ತುದಿಯಿಂದ ಕಾರನ್ನು ಮಗುಚಿ ನೋಡಿದರು. “ನಂಬರ್ ಪ್ಲೇಟ್ ಇಲ್ಲ,” ಎಂದರು. ಅಪ್ಪನ ಕಡೆ ತಿರುಗಿ, “ಇದು ನಿಮ್ಮ ಬಾಯಿಗೆ ಯಾವ ದಿಕ್ಕಿನಿಂದ ಪ್ರವೇಶ ಮಾಡ್ತು?” ಎಂದು ಕೇಳಿದರು.

“ಗಂಟಲಿನ ವ್ಯಾಯಾಮ ಸಾರ್, ಡಾಕ್ಟ್ರು ಹೇಳಿದ್ದಾರೆ,” ಎಂದೆ ನಾನು. ಬಾಯಿಗೆ ಬಂದದ್ದು ಅದೇ.

“ಕಾರಿನಲ್ಲಾ?”

“ಸಣ್ಣದ್ರಲ್ಲಿ ಶುರು ಮಾಡ್ತಾರೆ.”

ಅಪ್ಪ ನನ್ನನ್ನು ಮೂಲೆಗೆಳೆದು, ಕಣ್ಣಲ್ಲಿ ನೀರು ತುಂಬಿಕೊಂಡು, “ನನ್ನ ಹವ್ವು ಎವ್ವೇ? ನನ್ನ ಹವ್ವು?” ಎಂದರು. ಆಗ ನನ್ನ ತಲೆಗೆ ಹೊಳೆಯಿತು. ಕಾರು ಇಲ್ಲಿದೆ ಎಂದರೆ ಹಲ್ಲು ಎಲ್ಲಿರಬೇಕು?

“ಒಂಚೂರು ಪ್ರದರ್ಶನದ ಹಾಲಿಗೆ ಹೋಗಿ ಬಂದುಬಿಡ್ತೀವಿ,” ಎಂದೆ. “ಈ ಕಾರು ನಮ್ಮನೆಯವರಿಗೆ ತಲುಪಿಸ್ಬೇಕು. ಅಪ್ಪನ ಔಷಧಿ ಕೂಡ ಅಲ್ಲೇ ಇದೆ.”

“ಕಾರು ಒಂದು ಕಡೆ, ಔಷಧಿ ಇನ್ನೊಂದು ಕಡೆ. ಇದು ನನಗೆ ಸರಿ ಕಾಣ್ತಾ ಇಲ್ಲ,” ಎಂದರು ಇನ್ಸ್‌ಪೆಕ್ಟರು. “ಸ್ಥಳ ಮಹಜರು ಆಗ್ಲೇಬೇಕು. ನಾನೂ ಬರ್ತೀನಿ.” ತಂಗಿಯತ್ತ ಬಾಗಿ, ಎಲ್ಲರಿಗೂ ಕೇಳುವಂಥ ಪಿಸುದನಿಯಲ್ಲಿ, “ಕಾರು ಅಗಿಯೋ ಮನುಷ್ಯ. ಚೆನ್ನಾಗಿ ಯೋಚನೆ ಮಾಡು,” ಎಂದರು.

ಟೀಚರಮ್ಮ ಚೀಲ ಎತ್ತಿಕೊಂಡರು.

ಇನ್ಸ್‌ಪೆಕ್ಟರ ಕಾರಿನಲ್ಲೇ ಹೊರಟೆವು. ನಿವೃತ್ತ ಟ್ರಾಫಿಕ್ ಇನ್ಸ್‌ಪೆಕ್ಟರ ಕಾರಿನಲ್ಲಿ ನೀವು ಎಂದೂ ಅವಸರದಲ್ಲಿ ಹೋಗಬೇಡಿ. ಹಸಿರು ದೀಪ ಇದ್ದರೂ ಇನ್ನೇನು ಹಳದಿ ಆಗಬಹುದೆಂದು ನಿಲ್ಲಿಸುತ್ತಿದ್ದರು. ಸೈಕಲ್ಲುಗಳು ನಮ್ಮನ್ನು ದಾಟಿದವು. ಕೈಗಾಡಿಯೊಂದು ದಾಟಿತು. ಮಗುವನ್ನು ಎತ್ತಿಕೊಂಡ ಹೆಂಗಸೊಬ್ಬಳು ನಡೆದೇ ದಾಟಿ, ಮುಂದಿನ ತಿರುವಿನಲ್ಲಿ ನಮಗೆ ದಾರಿ ಬಿಟ್ಟಳು. ಮುಂದಿನ ಸೀಟಿನಲ್ಲಿ ಅಪ್ಪ ಕರವಸ್ತ್ರದ ಗಂಟು ಹಿಡಿದು, ತುಟಿ ಒಳಗೆಳೆದುಕೊಂಡು, ಕುಗ್ಗಿ ಕೂತಿದ್ದರು. ಗಂಡನಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದೆ.

ಹಾಲಿನ ಬಾಗಿಲಲ್ಲಿ ಕಾವಲಿನವನು ತಡೆದ. ಅಪ್ಪನ ಕೈಯಲ್ಲಿದ್ದ ಗಂಟು ಬಿಚ್ಚಿಸಿ ನೋಡಿ, “ಪ್ರದರ್ಶನದ ಕಾರು ಹಿಂದಿನ ಬಾಗಿಲಿಂದ ಬರ್ಬೇಕು. ಇದು ಜನರು ಬರೋ ಬಾಗಿಲು,” ಎಂದ.

“ಅಯ್ಯೋ ಬಿಡಪ್ಪಾ, ಅರ್ಜೆಂಟಿದೆ!” ಎಂದೆ.

“ಏಕಮುಖ ಸಂಚಾರ!” ಎಂದರು ಇನ್ಸ್‌ಪೆಕ್ಟರು, ಹೆಮ್ಮೆಯಿಂದ ಅವನ ಭುಜ ತಟ್ಟುತ್ತ. “ಭೇಷ್ ಕಣಯ್ಯಾ. ಈ ಕಾಲದಲ್ಲೂ ನಿಯಮ ಪಾಲಿಸೋರು ಇದ್ದಾರೆ.” ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಎಡಗಡೆಯಿಂದಲೇ ನಡೆಸಿಕೊಂಡು, ಇಡೀ ಕಟ್ಟಡ ಸುತ್ತಿಸಿ ಹಿಂದಿನ ಬಾಗಿಲಿಗೆ ತಂದರು.

ಒಳಗೆ ಕಾಲಿಟ್ಟವಳು ನೋಡಿದ್ದು ಇಷ್ಟು. ಹಾಲಿನ ನಟ್ಟನಡುವೆ ಕಪ್ಪು ಮಕಮಲ್ಲಿನ ಮೇಜು. ಅದರ ಮೇಲೆ ತಾನೇ ತಾನಾಗಿ ತಿರುಗುವ ತಟ್ಟೆ. ಮೇಲೆ ಗಾಜಿನ ಗುಮ್ಮಟ, ನಾಲ್ಕೂ ಕಡೆಯಿಂದ ಜಗಜಗಿಸುವ ದೀಪ. ಆ ಬೆಳಕಿನಲ್ಲಿ ಅಪ್ಪನ ಹಲ್ಲಿನ ಸೆಟ್ಟು ಮೆಲ್ಲಗೆ ಸುತ್ತುತ್ತ, ಬಂದವರಿಗೆಲ್ಲ ಒಬ್ಬೊಬ್ಬರಿಗಾಗಿ ನಕ್ಕು ತೋರಿಸುತ್ತಿತ್ತು. ಪಕ್ಕದ ಫಲಕದಲ್ಲಿ ‘ಹೆಸರಿಲ್ಲದ ಪ್ರಯೋಗ. ಫೋಟೋ ಲಭ್ಯವಿಲ್ಲ’ ಎಂದು ಬರೆದಿತ್ತು.

ಸುತ್ತ ಜನ ಕಿಕ್ಕಿರಿದಿದ್ದರು. ಕಣ್ಣಿನ ಡಾಕ್ಟರು ಬಿಳಿ ಕೈಗವಸು ತೊಟ್ಟು ಮೈಕಿನಲ್ಲಿ ವಿವರಿಸುತ್ತಿದ್ದರು.

“ಮೊದಲನೇದಾಗಿ ಗಮನಿಸಿ, ಚಕ್ರ ಇಲ್ಲ! ನಾವೆಲ್ಲ ಇಷ್ಟು ವರ್ಷ ಚಕ್ರ, ಚಕ್ರ ಅಂತ ಒದ್ದಾಡಿದ್ವಿ. ಈ ಮಹಾನುಭಾವ ಚಕ್ರಾನೇ ಕಿತ್ತೆಸೆದಿದ್ದಾನೆ. ಮುಂದಿನ ಗ್ರಿಲ್ಲು ನೋಡಿ. ಇಷ್ಟು ಧಾರಾಳವಾದ ಗ್ರಿಲ್ಲು ನಾನು ಎಲ್ಲೂ ಕಂಡಿಲ್ಲ. ಹಿಂಭಾಗ ಪೂರ್ತಿ ಖಾಲಿ. ಗಾಳಿ ಮುಂದಿನಿಂದ ಬರುತ್ತೆ, ಹಿಂದಿನಿಂದ ಹೋಗುತ್ತೆ. ಎಂಥ ಸರಳತೆ!”

“ಬಾಗಿಲು ಯಾವ ಕಡೆ ಸಾರ್?” ಎಂದ ಒಬ್ಬ ಸದಸ್ಯ.

“ಬಾಗಿಲು ಯಾಕೆ ಬೇಕು? ಇಡೀ ಮೇಲ್ಭಾಗಾನೇ ಏಳುತ್ತೆ!” ಡಾಕ್ಟರು ಗುಮ್ಮಟ ಸರಿಸಿ ಮೇಲಿನ ಸಾಲನ್ನು ಎತ್ತಿ ತೋರಿಸಿ ಮತ್ತೆ ಕೂರಿಸಿದರು. ಟಕ್ ಎಂದಿತು. ಜನ ಚಪ್ಪಾಳೆ ತಟ್ಟಿದರು.

“ಡ್ರೈವರು ಎಲ್ಲಿ ಕೂರ್ತಾನೆ?”

“ನಾಲಿಗೆ ಇರ್ಬೇಕಾದ ಜಾಗದಲ್ಲಿ ಅಂತ ಇಟ್ಕೊಳ್ಳಿ,” ಎಂದರು ಡಾಕ್ಟರು. ಇಷ್ಟು ಹತ್ತಿರ ಬಂದೂ ಅವರಿಗೆ ಹೊಳೆಯಲಿಲ್ಲ. ಊರಿನ ಅರ್ಧ ಜನರ ಕಣ್ಣು ಇವರ ಕೈಯಲ್ಲಿದೆ ಎಂಬುದನ್ನು ನೆನೆದು ನನಗೆ ನಡುಕ ಹುಟ್ಟಿತು.

ನಮ್ಮನೆಯವರು ಕಂಬದ ಮರೆಯಲ್ಲಿ ಬೆವರು ಒರೆಸುತ್ತ ನಿಂತಿದ್ದರು. ಹೋಗಿ ತೋಳು ಹಿಡಿದು ಜಗ್ಗಿದೆ.

“ರೀ! ಅದು ಅಪ್ಪನ ಹಲ್ಲು!”

“ಗೊತ್ತು ಕಣೇ. ಡಬ್ಬಿ ಬಿಚ್ಚಿ, ಬಟ್ಟೆ ಹೊದಿಸಿ ಇಟ್ಟಿದ್ದು ಸಂಘದವ್ರು. ಆ ಬಟ್ಟೆ ತೆಗೆದ ಕೂಡ್ಲೇ ನೋಡಿದೆ. ಹೇಳ್ಬೇಕು ಅಂತ ಬಾಯಿ ತೆಗೆಯೋಷ್ಟ್ರಲ್ಲಿ ಎಲ್ಲಾ ಚಪ್ಪಾಳೆ ಹೊಡೆದ್ಬಿಟ್ರು.” ದನಿ ತಗ್ಗಿಸಿ, ಮುಖ ಅರಳಿಸಿ, “ಮೊದಲ ಬಹುಮಾನ ಕಣೇ! ಒಂದು ಹತ್ತು ನಿಮಿಷ ತಡ್ಕೋ, ಕಪ್ ಕೊಟ್ಬಿಡ್ತಾರೆ. ಆಮೇಲೆ ನಿಧಾನಕ್ಕೆ ಹಲ್ಲು ತಗೊಂಡು ಹೋಗೋಣ,” ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. “ನಿಮ್ಮ ಕಪ್ಪಿಗಿಷ್ಟು! ಅಲ್ಲಿ ನಮ್ಮಪ್ಪ ನಿಮ್ಮ ಕಾರನ್ನ ಬಾಯಲ್ಲಿ ತುರುಕ್ಕೊಂಡು, ಮದುವೆ ಆಗೋ ಹೆಂಗಸಿನ ಚಹಾದೊಳಗೆ ಚಕ್ರ ಉಗುಳಿದ್ದಾರೆ ಕಣ್ರೀ!”

ನಮ್ಮನೆಯವರ ಮುಖ ಬಿಳಿಚಿಕೊಂಡಿತು. “ಚಕ್ರ ಬಿತ್ತಾ? ಯಾವ ಚಕ್ರ? ಮುಂದಿಂದಾ?”

ಅವರನ್ನು ಅಲ್ಲೇ ಹೂತುಬಿಡುತ್ತಿದ್ದೆ. ಅಷ್ಟರಲ್ಲಿ ಇನ್ಸ್‌ಪೆಕ್ಟರ ದನಿ ಕೇಳಿಸಿತು. ಅವರು ಗುಮ್ಮಟದ ಸುತ್ತ ಒಂದು ಸುತ್ತು ಹಾಕಿ, “ದೀಪ ಇಲ್ಲ, ಇಂಡಿಕೇಟರ್ ಇಲ್ಲ, ಇದನ್ನ ರಸ್ತೆಗೆ ಬಿಟ್ಟೋರು ಯಾರು?” ಎಂದು ತೀರ್ಪು ಕೊಟ್ಟು, ತಂಗಿಯ ಬಳಿ ಬಂದಿದ್ದರು. ಟೀಚರಮ್ಮ ಮಾತ್ರ ಆ ಸೆಟ್ಟನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಪ್ಪನ ಒಳಗೆಳೆದುಕೊಂಡ ತುಟಿಯನ್ನು ನೋಡಿದರು. ಮತ್ತೆ ಸೆಟ್ಟನ್ನು ನೋಡಿದರು. ಅಪ್ಪ ನೆಲ ನೋಡುತ್ತಿದ್ದರು.

“ನಿಮಗೆ ನನ್ನ ಹತ್ರ ಏನಾದ್ರೂ ಹೇಳೋದಿತ್ತಾ?” ಎಂದು ಮೆಲ್ಲಗೆ ಕೇಳಿದರು ಟೀಚರಮ್ಮ.

ಅಪ್ಪ ಬಾಯಿ ತೆರೆಯಲು ಹೋದರು, ಕೈ ಅಡ್ಡ ಹಿಡಿದರು, ಮತ್ತೆ ಮುಚ್ಚಿದರು. ಹಲ್ಲಿಲ್ಲದ ಬಾಯಲ್ಲಿ ಆ ಮಾತನ್ನು ಹೇಗೆ ಹೇಳುವುದು? ಇಲ್ಲವೆಂದು ತಲೆ ಅಲ್ಲಾಡಿಸಿಬಿಟ್ಟರು.

“ಸರಿ, ನಡಿ ತಂಗಿ,” ಎಂದರು ಇನ್ಸ್‌ಪೆಕ್ಟರು. “ಕಾರಿಗೆ ಬಾಯಿ ಬಿಡ್ತಾರೆ, ಮನುಷ್ಯರಿಗೆ ಬಿಡಲ್ಲ. ಇಂಥ ಮನೆ ನಮಗೆ ಬೇಡ.” ಅವರು ಮುಂದಾದರು, ಟೀಚರಮ್ಮ ನಿಧಾನವಾಗಿ ಹಿಂದೆ ನಡೆದರು. ಒಮ್ಮೆ ತಿರುಗಿ ನೋಡಿದರು. ಅಪ್ಪನ ಗಲ್ಲ ನಡುಗುತ್ತಿತ್ತು.

ಇದ್ದಕ್ಕಿದ್ದಂತೆ ಅಪ್ಪ ಜನರ ನಡುವೆ ನುಗ್ಗಿದರು. ಆ ವಯಸ್ಸಿನಲ್ಲಿ ಅಂಥ ಮೊಣಕೈ ಅವರಿಗೆ ಎಲ್ಲಿಂದ ಬಂತೋ! ಗುಮ್ಮಟಕ್ಕೆ ಕೈ ಹಾಕಿದರು.

“ಕೈಗವಸು! ಕೈಗವಸು ಹಾಕ್ಕೊಳ್ರೀ!” ಎಂದು ಡಾಕ್ಟರು ಚೀರಿದರು. ಅಪ್ಪ ಸೆಟ್ಟಿನ ಎರಡೂ ಭಾಗ ಬಾಚಿಕೊಂಡು, ಕೆಳಗಿನದನ್ನು ಗಬಕ್ಕನೆ, ಮೇಲಿನದನ್ನು ಟಪಕ್ಕನೆ ಬಾಯಿಗೆ ಹಾಕಿ ಕಚ್ಚಿದರು.

ಹಾಲಿನಲ್ಲಿ ಹಾಹಾಕಾರವೆದ್ದಿತು.

“ನುಂಗಿಬಿಟ್ರು! ಪ್ರಪಂಚದಲ್ಲಿದ್ದ ಒಂದೇ ಒಂದು ಕಾರು ನುಂಗಿಬಿಟ್ರು! ಯಾರಾದ್ರೂ ಡಾಕ್ಟ್ರನ್ನ ಕರೀರಿ!”

“ಸಾರ್, ಡಾಕ್ಟ್ರು ನೀವೇ.”

“ನಾನು ಕಣ್ಣಿನ ಡಾಕ್ಟ್ರು ಕಣ್ರೀ! ಕಣ್ಣಿಗೆ ಬಿದ್ದಿದ್ರೆ ತೆಗೀತಿದ್ದೆ!”

ಅಪ್ಪ ಅವರ ಕೈಯಿಂದ ಮೈಕು ಕಿತ್ತುಕೊಂಡು, ಎದೆ ಸೆಟೆಸಿ ನಿಂತರು.

“ದಯವಿಟ್ಟು ಗಮನಿಸಿ.”

ಆಹಾ, ಆ ದನಿ! ಗಂಟೆ ಬಾರಿಸಿದ ಹಾಗೆ ಹಾಲು ತುಂಬಿತು. ಗದ್ದಲ ಗಪ್ಪನೆ ನಿಂತಿತು. ಮೂಲೆಯಲ್ಲಿದ್ದ ಸಂಸಾರವೊಂದು ಗಾಬರಿಯಿಂದ ತಮ್ಮ ಚೀಲಗಳನ್ನೆಲ್ಲ ಎತ್ತಿಕೊಂಡಿತು. ಬಾಗಿಲ ಬಳಿ ಟೀಚರಮ್ಮ ಥಟ್ಟನೆ ನಿಂತರು.

“ಬಾಗಿಲ ಬಳಿ ಇರುವ ಭೂಗೋಳದ ಟೀಚರಮ್ಮನವರು ದಯವಿಟ್ಟು ಅಲ್ಲೇ ನಿಲ್ಲಬೇಕಾಗಿ ವಿನಂತಿ. ಇದು ಕಾರಲ್ಲ. ಇದು ನನ್ನ ಹಲ್ಲು. ನನ್ನ ಸ್ವಂತ ಹಲ್ಲು ಸರ್ಕಾರಿ ಸೇವೆಯಲ್ಲಿ ಇದ್ದಾಗಲೇ ಸಂಪೂರ್ಣ ಉದುರಿದೆ. ಗಂಟಲು ನೋವು ಎಂದು ತಿಳಿಸಿದ್ದು ಸುಳ್ಳು, ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇನೆ. ನೀವು ಸಿಗುವ ಮುಂಚೆ ಎಷ್ಟೋ ಸಂಜೆ ನಾನು ಒಬ್ಬರ ಹತ್ತಿರವೂ ಒಂದು ಮಾತೂ ಆಡದೆ ಮಲಗಿದ್ದೇನೆ. ನನಗೆ ಸಾಯುವವರೆಗೂ ಸಂಜೆಹೊತ್ತು ನಿಮ್ಮ ಜೊತೆ ಮಾತಾಡಬೇಕು ಅನ್ನಿಸುತ್ತದೆ. ನೀವು ನನ್ನನ್ನು ಮದುವೆಯಾಗುತ್ತೀರಾ? ಮತ್ತೊಮ್ಮೆ ಹೇಳುತ್ತೇನೆ. ನೀವು ನನ್ನನ್ನು ಮದುವೆಯಾಗುತ್ತೀರಾ?”

ನನ್ನ ಪಕ್ಕದಲ್ಲಿ ಸೊರಸೊರ ಸದ್ದಾಯಿತು. ನಮ್ಮನೆಯವರು ಅಳುತ್ತಿದ್ದರು.

“ಕೇಳಿದ್ಯೇನೇ, ಆ ‘ಸ’? ‘ಸಂಜೆ’, ‘ಸಾಯುವವರೆಗೂ’. ಎಲ್ಲಾದ್ರೂ ಗಾಳಿ ಸೋರಿತಾ? ಒಂಚೂರು ಉಜ್ಜೋ ಹಾಗಿಲ್ಲ. ನನ್ನ ಕೈಯಲ್ಲಿ ಇಂಥ ಸೆಟ್ಟು ಇನ್ನೊಂದು ಆಗಲ್ಲ ಕಣೇ.” ಆಮೇಲೆ ಏನನ್ನಿಸಿತೋ, ನೇರ ಹೋಗಿ ಅಪ್ಪನ ಪಕ್ಕ ನಿಂತು, “ತಪ್ಪು ನಂದು ಸಾರ್,” ಎಂದರು ಡಾಕ್ಟರಿಗೆ. “ಆ ಕಾರೂ ಸುಳ್ಳೇ. ಅಂಥ ಪ್ರಯೋಗಾನ ಯಾರೂ ಮಾಡಿಲ್ಲ. ನಾನೇ ಲ್ಯಾಬಲ್ಲಿ ಕೂತು ಮಾಡಿದ್ದು. ಡಬ್ಬಿ ಬದಲಾಗಿದೆ. ನಿಜವಾಗ್ಲೂ ನಾನು ತರ್ಬೇಕಾಗಿದ್ದದ್ದು ಇದು.” ಅಪ್ಪನ ಕರವಸ್ತ್ರದ ಗಂಟು ಬಿಚ್ಚಿ, ಮೂರೇ ಚಕ್ರದ ಕಾರನ್ನು ಅಂಗೈಯ ಮೇಲಿಟ್ಟು ಹಿಡಿದರು.

ಡಾಕ್ಟರು ಬಗ್ಗಿ, ಕನ್ನಡಕ ಮೇಲೆ ಸರಿಸಿ, ಆ ಗುಲಾಬಿ ತಳ, ಬಿಳಿ ಮೈ ದಿಟ್ಟಿಸಿ ನೋಡಿದರು. ನೆಟ್ಟಗೆ ನಿಂತು ನಕ್ಕರು.

“ಸಾಕು ಮಾಡ್ರೀ. ಒಂದ್ಸಲ ಮೋಸ ಹೋಗಿರ್ಬಹುದು, ಎರಡ್ನೇ ಸಲ ಹೋಗಲ್ಲ. ಅದು ಹಲ್ಲು ಅಂತ ಈ ಸಲ ಹುಟ್ಟುಕುರುಡಂಗೂ ಗೊತ್ತಾಗುತ್ತೆ!”

ನಾನು ಅದನ್ನೆಲ್ಲ ಕೇಳುತ್ತ ನಿಲ್ಲಲಿಲ್ಲ. ಬಾಗಿಲಿಗೆ ಓಡಿದೆ. ಟೀಚರಮ್ಮ ಅಲ್ಲೇ ನಿಂತಿದ್ದರು, ಕಣ್ಣು ಒದ್ದೆಯಾಗಿತ್ತು. ಇನ್ಸ್‌ಪೆಕ್ಟರು ಕಕ್ಕಾಬಿಕ್ಕಿಯಾಗಿ, “ಈ ದನಿ... ನಮ್ಮ ರೈಲ್ವೆ ಸ್ಟೇಷನ್ನಿಂದಲ್ವಾ? ಇವರು ಹೇಳಿದ ಗಾಡಿ ಒಂದು ದಿನಾನೂ ಬೇರೆ ಪ್ಲಾಟ್‌ಫಾರಂಗೆ ಬಂದಿದ್ದಿಲ್ಲ. ಇಂಥ ಶಿಸ್ತಿನ ಮನುಷ್ಯನ್ನ ನಾನು...” ಎಂದು ಟೋಪಿ ತೆಗೆದರು. ಅಪ್ಪ ಅತ್ತ ಮೈಕು ಹಿಡಿದುಕೊಂಡೇ, ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಇಡೀ ಹಾಲು ಈ ಕಡೆಗೇ ನೋಡುತ್ತಿತ್ತು.

ಟೀಚರಮ್ಮ ಅಷ್ಟು ದೂರದಿಂದಲೇ ಅಪ್ಪನನ್ನು ನೋಡಿ, ಹೂಂ ಎಂದು ದೊಡ್ಡದಾಗಿ ತಲೆಯಾಡಿಸಿದರು. ಮತ್ತೆ ಚಪ್ಪಾಳೆ. ಈ ಸಲದ್ದು ನ್ಯಾಯವಾದ ಚಪ್ಪಾಳೆ.

ಆ ಗಲಾಟೆಯಲ್ಲಿ ಅವರು ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡು, ಕಿವಿಗೆ ಬಾಯಿಟ್ಟರು.

“ಅದು ಹಲ್ಲು ಅಂತ ನನಗೆ ನೋಡಿದ ಕೂಡ್ಲೇ ಗೊತ್ತಾಯ್ತು ಮಗಳೇ. ನಂದೂ ಅಂಥದ್ದೇ. ಮೂರು ತಿಂಗಳಿಂದ ಕೆಳಗಿನ ಸಾಲು ಸಡಿಲ ಬೇರೆ. ಎಲ್ಲಿ ಬಿದ್ದುಹೋಗುತ್ತೋ ಅಂತಾನೇ ಬಾಯಲ್ಲಿ ಉತ್ತರ ಹೇಳ್ಲಿಲ್ಲ. ನಿಮ್ಮ ಯಜಮಾನ್ರಿಗೆ ಹೇಳಿ ಒಂದು ಸೆಟ್ಟು ಮಾಡಿಸ್ಕೊಡು. ನಿಮ್ಮಪ್ಪಂಗೆ ಮಾತ್ರ ಮದುವೆ ಆಗೋವರೆಗೂ ಗೊತ್ತಾಗ್ಬಾರ್ದು.”

“ಆಯ್ತು ಚಿಕ್ಕಮ್ಮ,” ಎಂದೆ. “ನಾನು ಬಾಯಿ ಬಿಡಲ್ಲ.”